ಹತ್ತು ಸಾಲು ಬರೆಯುವಷ್ಟರಲ್ಲಿ

ಓದಿಗೆ: ಮಾರ್ಕ 6:30-46, ಸಿರಾಖ 38:24-34



ತೊಗರಿ ರಾಶಿಯ ದಿನಗಳವು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಿಂಬರ್ಗಾದ ತರುಣನೊಬ್ಬ ದೇವಾಲಯದ ಹೊರಗೆ ನಿಂತಿದ್ದ. ಎಲ್ಲರೂ ಹೋಗುವ ತನಕ ಕಾದು, ಕೈಚೀಲದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟ. “ಫಾದರ್, ಇದೊಂದು ಆಟರಿ. ನಾನೇ ಬರಿಲಾಕ ಹತ್ತೀನಿ. ಮೂರು ವರ್ಷ ಆಯ್ತು, ಮುಗಿವಲ್ದು. ಟೈಮ್ ಸಿಗವಲ್ದು, ಸಿಕ್ಕರ ಮನಸ್ಸ ನಿಂದರವಲ್ದು. ಬಿಟ್ಟುಬಿಡ್ಲಿ ಏನ್ರಿ?” ಎಂದು ಕೇಳಿದ.

ಅವನು ಹಗಲು ಆಳಂದದ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಸಂಜೆ ಬಸ್ಸು ಹಿಡಿದು ಊರು ಸೇರುವಾಗ ಕತ್ತಲಾಗಿರುತ್ತದೆ. ರಜೆ ಸಿಕ್ಕರೆ ಹೊಲದ ಕೆಲಸ. ಮನೆಯಲ್ಲಿ ಮೊಣಕಾಲು ನೋವಿನ ತಂದೆ, ಶಾಲೆಗೆ ಹೋಗುವ ತಂಗಿ. ಅಂದು ಜೊತೆಗಿದ್ದ ತಾಯಿ ಸುಮ್ಮನಿರಲಿಲ್ಲ. “ಹೊಲದಾಗ ತೊಗರಿ ನಿಂತಾದ ಫಾದರ್, ಇಂವ ಆಟದ ಪುಸ್ತಕ ಹಿಡಕೊಂಡು ಕುಂದರ್ತಾನ. ಮೊನ್ನಿ ಅವರಪ್ಪ ನೀರು ಕೇಳಿದ್ರ, ‘ಸುಮ್ನ ಇರು’ ಅಂತ ಒದರಿದ. ನೀವರ ಬುದ್ಧಿ ಹೇಳ್ರಿ” ಎಂದರು. ತರುಣ ತಲೆ ತಗ್ಗಿಸಿದ.

ಇಬ್ಬರ ಮಾತಿನಲ್ಲೂ ನೋವಿತ್ತು, ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ದೇವರು ಕೊಟ್ಟ ಒಂದು ಪ್ರತಿಭೆಗೂ ದೇವರೇ ಕೊಟ್ಟ ಮನೆಯವರಿಗೂ ನಡುವೆ ಸಿಕ್ಕಿಕೊಂಡವನಿಗೆ ಏನು ಹೇಳುವುದು? ಅಂದು ನಾನು ನೋಟ್‌ಬುಕ್ಕನ್ನು ಇಟ್ಟುಕೊಂಡು, “ಮುಂದಿನ ವಾರ ಬಾ” ಎಂದೆ. ಆ ವಾರ ನಾನು ಯೋಚಿಸಿದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಇದು ಎಂತಹ ಆಟ?

ನಮ್ಮ ಭಾಗದ ಹಿರಿಯರಿಗೆ ದೊಡ್ಡಾಟ ಗೊತ್ತು. ಹಗಲು ದುಡಿದವರು ರಾತ್ರಿ ಮಾಸ್ತರರ ಮುಂದೆ ಕುಳಿತು ಮಾತು ಕಲಿತು, ಆಟದ ದಿನ ಬಣ್ಣ ಹಚ್ಚಿ ಬೆಳಗಾಗುವವರೆಗೆ ರಾಜನೋ ರಾಕ್ಷಸನೋ ಆಗುತ್ತಾರೆ. ಈ ತರುಣನ ತಂದೆಯೂ ಪ್ರಾಯದಲ್ಲಿ ಪಾತ್ರ ಮಾಡಿದವರೇ. ಮಗ ಬರೆಯುತ್ತಿರುವುದನ್ನು ಅದರ ಕಿರಿಯ ತಮ್ಮ ಎನ್ನಬಹುದು. ಇಲ್ಲಿ ರಂಗವಿಲ್ಲ, ವೇಷವಿಲ್ಲ. ಮೇಜಿನ ಸುತ್ತ ಅಥವಾ ಚಾಪೆಯ ಮೇಲೆ ನಾಲ್ಕೈದು ಜನ ಕೂಡುತ್ತಾರೆ. ಒಬ್ಬನು ದೊಡ್ಡಾಟದ ಸಾರಥಿಯಂತೆ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸಿ, “ನಾನು ಬಾವಿಗೆ ಇಳಿಯುತ್ತೇನೆ”, “ನಾನು ಗೌಡರನ್ನು ಮಾತನಾಡಿಸುತ್ತೇನೆ” ಎಂದು ಹೇಳುತ್ತಾರೆ. ಇಳಿದದ್ದು ಆಯಿತೇ, ಕಾಲು ಜಾರಿತೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಈ ಬಗೆಯ ಆಟ ಮೊದಲು ಅಚ್ಚಾಗಿ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಅದನ್ನು ರಚಿಸಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು, ಮನೆಯಲ್ಲಿ ಚಪ್ಪಲಿ-ಬೂಟು ರಿಪೇರಿ ಮಾಡಿ ಸಂಸಾರ ನಡೆಸುತ್ತ ಆ ಕೆಲಸ ಮಾಡಿದವರು. ಬಿಡುವಿಲ್ಲದವನ ಬರವಣಿಗೆ ಹೊಸದೇನೂ ಅಲ್ಲ.

ಇಂತಹ ಆಟ ಬರೆಯುವುದು ಕಥೆ ಬರೆಯುವುದಕ್ಕಿಂತ ಕಷ್ಟ. ಕಥೆಗಾರನಿಗೆ ಒಂದು ದಾರಿ ಸಾಕು. ಆಟ ಬರೆಯುವವನು, ಆಡುವವರು ಬಾವಿಗೆ ಇಳಿದರೆ ಏನು, ಇಳಿಯದೆ ಮನೆಗೆ ಹೋದರೆ ಏನು ಎಂದು ಹತ್ತು ದಾರಿಗಳನ್ನು ಯೋಚಿಸಬೇಕು. ನಿಯಮಗಳನ್ನು ಬರೆಯಬೇಕು, ಆಡಿಸಿ ನೋಡಬೇಕು, ತಪ್ಪಿದ್ದನ್ನು ಮತ್ತೆ ತಿದ್ದಬೇಕು. ಅರ್ಧ ಗಂಟೆ ಮನಸ್ಸು ಒಂದೆಡೆ ನಿಲ್ಲದಿದ್ದರೆ ಎಲ್ಲ ಎಳೆಗಳೂ ಸಿಕ್ಕಾಗುತ್ತವೆ. ತರುಣನ ದೂರು ಸೋಮಾರಿಯ ದೂರಲ್ಲ.

ಇಂತಹ ಆಟಗಳಿಂದ ಮಕ್ಕಳು ಮಾಟ-ಮಂತ್ರಕ್ಕೆ ಬೀಳುತ್ತಾರೆಂದು 1980ರ ದಶಕದಲ್ಲಿ ಅಮೆರಿಕದ ಅನೇಕ ಕ್ರೈಸ್ತರು ಹೆದರಿದ್ದುಂಟು. ಆಟದಲ್ಲಿ ಏನಿದೆ ಎಂದು ತಂದೆತಾಯಿಗಳು ನೋಡಲೇಬೇಕು. ಆದರೆ ಪಾತ್ರ ವಹಿಸುವುದೇ ಕೆಟ್ಟದ್ದಲ್ಲ. ಸಂತ ಇಗ್ನಾಸಿಯವರು ತಮ್ಮ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ, ಯೇಸುವಿನ ಜನನವನ್ನು ಧ್ಯಾನಿಸುವವನು ತಾನೇ ಒಬ್ಬ ಬಡ ಸೇವಕನಾಗಿ ಆ ಗೋದಲಿಯಲ್ಲಿ ನಿಂತಂತೆ ಭಾವಿಸಿಕೊಳ್ಳಬೇಕೆಂದು ಕಲಿಸಿದರು. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದನ್ನು ಕಲಿತವನು ನೆರೆಯವರನ್ನು ಪ್ರೀತಿಸಲು ಅರ್ಧ ಕಲಿತಂತೆ.

ಆಟಕ್ಕೆ ಕೊಟ್ಟ ಸಮಯ ಹಾಳೇ?

ತಾಯಿಯ ಮನಸ್ಸಿನಲ್ಲಿದ್ದ ಪ್ರಶ್ನೆ ಇದು. ಹಾಡು ಬರೆದಿದ್ದರೆ, ಪರೀಕ್ಷೆಗೆ ಓದಿದ್ದರೆ ಅವರು ಸಹಿಸುತ್ತಿದ್ದರೇನೋ. ಆಟವೆಂದರೆ ಹಾಳು ಹೊತ್ತು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ.

ಸಂತ ಥಾಮಸ್ ಅಕ್ವಿನಾಸರು (1225–1274) ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಆಟದಲ್ಲಿ ಸದ್ಗುಣವಿರಲು ಸಾಧ್ಯವೇ ಎಂದು ಕೇಳಿ, ಸಾಧ್ಯ ಎಂದು ಉತ್ತರಿಸಿದರು. ಅದಕ್ಕೆ ಅವರು ನೆನಪಿಸುವುದು ಪ್ರೇಷಿತ ಯೊವಾನ್ನರ ಕುರಿತ ಒಂದು ಹಳೆಯ ಕಥೆಯನ್ನು. ಶಿಷ್ಯರೊಡನೆ ಹಗುರವಾಗಿ ಕಾಲ ಕಳೆಯುತ್ತಿದ್ದ ಯೊವಾನ್ನರನ್ನು ಕಂಡು ಕೆಲವರು ಮುಖ ಗಂಟಿಕ್ಕಿದರಂತೆ. ಆಗ ಅವರು ಬಿಲ್ಲುಗಾರನೊಬ್ಬನಿಗೆ ಬಾಣ ಬಿಡುತ್ತಲೇ ಇರಲು ಹೇಳಿ, ಹೀಗೆ ಎಷ್ಟು ಹೊತ್ತು ಬಿಡಬಲ್ಲೆ ಎಂದು ಕೇಳಿದರಂತೆ. ಬಿಡುತ್ತಲೇ ಇದ್ದರೆ ಬಿಲ್ಲು ಮುರಿಯುತ್ತದೆ ಎಂದ ಅವನು. ಮನಸ್ಸೂ ಹಾಗೆಯೇ. ಆದರೆ ಅಕ್ವಿನಾಸರು ಮಿತಿಯನ್ನೂ ಹೇಳಿದರು. ಆಟ ಅಸಭ್ಯವಾಗಬಾರದು, ಮನಸ್ಸು ತನ್ನ ಹಿಡಿತ ಕಳೆದುಕೊಳ್ಳಬಾರದು, ಅದು ಕಾಲಕ್ಕೂ ಜಾಗಕ್ಕೂ ಜನರಿಗೂ ತಕ್ಕುದಾಗಿರಬೇಕು.

ನಮ್ಮ ನಾಡಿನಲ್ಲೇ ಆಟಗಳನ್ನು ರಚಿಸಿದ ಒಬ್ಬ ಅರಸರಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಾಸಿನ ಮೇಲೆ ಆಡುವ ಹಲವು ಆಟಗಳನ್ನು ಕಲ್ಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲಿ ‘ಕೌತುಕನಿಧಿ’ ಎಂಬ ಭಾಗ ಆಟಗಳಿಗೇ ಮೀಸಲು. ಆದರೆ 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡಿದ್ದರು ಎಂಬುದನ್ನು ಮರೆಯಬಾರದು. ಅವರಿಗೆ ಬಿಡುವು ಸಿಕ್ಕಿದ್ದು ಅಧಿಕಾರ ಹೋದದ್ದರಿಂದ. ನಿಂಬರ್ಗಾದ ತರುಣನಿಗೆ ಅಂತಹ ಬಿಡುವು ಬರುವುದಿಲ್ಲ, ಬರಲೂ ಬಾರದು. ಸಿರಾಖನ ಗ್ರಂಥವು ಪಂಡಿತನ ಜ್ಞಾನಕ್ಕೆ ಬಿಡುವು ಬೇಕೆನ್ನುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ನೇಗಿಲು ಹಿಡಿದವನು, ಕಮ್ಮಾರ, ಕುಂಬಾರ ಇವರೇ ಲೋಕವನ್ನು ಹಿಡಿದು ನಿಲ್ಲಿಸಿದ್ದಾರೆ ಎಂದೂ ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನವರು ಅರ್ಧ ಪಂಡಿತರು, ಅರ್ಧ ಒಕ್ಕಲಿಗರು. ಎರಡನ್ನೂ ಒಂದೇ ದಿನದಲ್ಲಿ ನಿಭಾಯಿಸಬೇಕಾದವರು.

ಬರೆಯುವಾಗ ಬಂದವರು

ಈ ಪರಿಸ್ಥಿತಿಯನ್ನು ಚೆನ್ನಾಗಿ ಬಲ್ಲ ಸಂತರೊಬ್ಬರಿದ್ದಾರೆ. ಫ್ರಾನ್ಸಿನ ಲಿಸಿಯದ ಚಿಕ್ಕ ತೆರೇಸಮ್ಮನವರು ಕನ್ಯಾಮಠದ ಹಬ್ಬಗಳಿಗಾಗಿ, 1894ರಿಂದ 1897ರವರೆಗೆ, ಸೋದರಿಯರು ಪಾತ್ರ ವಹಿಸಿ ಆಡುವ ಎಂಟು ಕಿರುನಾಟಕಗಳನ್ನು ಬರೆದರು. 1895ರ ಜನವರಿಯಲ್ಲಿ ಸ್ವತಃ ಸಂತ ಜೋನಳ ಪಾತ್ರ ವಹಿಸಿದರು. ಇಂದು ಲೋಕವೆಲ್ಲ ಓದುವ ತಮ್ಮ ಆತ್ಮಕಥೆಯನ್ನು ಅವರು ಬರೆದದ್ದೂ ದಿನದ ಕೆಲಸ ಮುಗಿದ ಮೇಲಿನ ಬಿಡುವಿನ ತುಣುಕುಗಳಲ್ಲಿ.

1897ರ ಜೂನ್‌ನಲ್ಲಿ, ಸಾವಿಗೆ ಮೂರು ತಿಂಗಳಿರುವಾಗ, ಕ್ಷಯದಿಂದ ಬಳಲುತ್ತ ಅವರು ತೋಟದಲ್ಲಿ ಕುಳಿತು ಕೊನೆಯ ಭಾಗವನ್ನು ಬರೆಯುತ್ತಿದ್ದರು. ಹುಲ್ಲು ಕೊಯ್ಯುವ ಸೋದರಿ ಬಂದು ಮಾತನಾಡಿಸುವಳು, ಆರೈಕೆಯ ಸೋದರಿ ಬರುವಳು, ಕಿರಿಯ ಸನ್ಯಾಸಿನಿಯರು ಬರುವರು. ಅಡ್ಡಿಯಿಲ್ಲದೆ ಹತ್ತು ಸಾಲು ಬರೆದದ್ದೇ ಕಡಿಮೆ ಎಂದು ಅವರೇ ಬರೆದಿಟ್ಟಿದ್ದಾರೆ. ತಾವು ಬರೆಯುತ್ತಿದ್ದುದು ಪ್ರೀತಿಯ ಕುರಿತು. ಬಂದವರನ್ನು ಪ್ರೀತಿಯಿಂದ ಕಾಣದೆ ಅದನ್ನು ಬರೆಯುವುದು ಹೇಗೆ ಎಂಬುದು ಅವರ ಭಾವ. ಈ ಹತ್ತು-ಹತ್ತು ಸಾಲುಗಳ ಲೇಖಕಿಯನ್ನು 1997ರಲ್ಲಿ ಧರ್ಮಸಭೆ ಮಹಾಪಂಡಿತೆ ಎಂದು ಘೋಷಿಸಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ನಾನು ಹೊಸದಾಗಿ ಯಾಜಕನಾಗಿದ್ದ ಕಾಲ. ಕ್ರಿಸ್ಮಸ್ಸಿಗೆ ಯುವಜನರಿಗಾಗಿ ನಾಟಕ ಬರೆಯುತ್ತಿದ್ದೆ. ಎಷ್ಟೋ ದಿನಗಳ ಮೇಲೆ ಅಂದು ಸಂಜೆ ಮಾತುಗಳು ತಾವಾಗಿ ಬರುತ್ತಿದ್ದವು. ಹುಡುಗನೊಬ್ಬ ಓಡಿ ಬಂದು, ಅಜ್ಜಿಗೆ ಹುಷಾರಿಲ್ಲ, ಫಾದರ್ ಬರಬೇಕಂತೆ ಎಂದ. “ನಡಿ, ಬಂದೆ” ಎಂದು ಹೇಳಿ, ಆ ಪುಟವನ್ನು ಮುಗಿಸಿಯೇ ಎದ್ದೆ. ಅರ್ಧ ಗಂಟೆ ಆಗಿರಬಹುದು. ನಾನು ಹೋಗುವಷ್ಟರಲ್ಲಿ ಅಜ್ಜಿಗೆ ಪ್ರಜ್ಞೆ ತಪ್ಪಿತ್ತು. ಅಭ್ಯಂಗ ಸಂಸ್ಕಾರ ಕೊಟ್ಟೆ; ಆದರೆ ಅವರು ಪಾಪನಿವೇದನೆಗಾಗಿ ನನ್ನ ದಾರಿ ಕಾದಿದ್ದರು, ಅದನ್ನು ಕೇಳಲು ಆಗಲಿಲ್ಲ. ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ನಾಟಕ ಚೆನ್ನಾಗಿ ನಡೆಯಿತು, ಜನ ಹೊಗಳಿದರು. ಆ ಪುಟದ ಮಾತುಗಳು ಬಂದಾಗ ನಾನು ವೇದಿಕೆಯತ್ತ ನೋಡಲಿಲ್ಲ.

ಪ್ರಾಚೀನ ಈಜಿಪ್ಟಿನ ಮಠವಾಸಿಗಳ ಬಗ್ಗೆ ಸಂತ ಜಾನ್ ಕಾಸಿಯನ್ನರು ಬರೆದಿರುವುದನ್ನು ನಾನು ಗುರುಮಠದಲ್ಲೇ ಓದಿದ್ದೆ. ಪ್ರಾರ್ಥನೆಗೋ ಕೆಲಸಕ್ಕೋ ಕರೆಯಲು ಬಾಗಿಲು ತಟ್ಟಿದ ಸದ್ದಾದರೆ, ಪ್ರತಿ ಬರೆಯುತ್ತಿದ್ದ ಸನ್ಯಾಸಿ ಅರ್ಧ ಬರೆದ ಅಕ್ಷರವನ್ನು ಅಲ್ಲಿಗೇ ಬಿಟ್ಟು ಏಳುತ್ತಿದ್ದನಂತೆ. ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಕಲಿತದ್ದು ಮಾತ್ರ ಆ ರಾತ್ರಿ.

ಎಲ್ಲ ಅಡ್ಡಿಯೂ ಒಂದೇ ಅಲ್ಲ

ಆದರೆ ಪ್ರಿಯರೇ, ಬಾಗಿಲು ತಟ್ಟುವವರೆಲ್ಲ ನೆರೆಯವರಲ್ಲ. ನಾಲ್ಕನೆಯ ಶತಮಾನದ ಮರುಭೂಮಿಯ ಗುರು ಇವಾಗ್ರಿಯಸರು ‘ನಡುಹಗಲಿನ ದೆವ್ವ’ ಎಂಬ ಶೋಧನೆಯನ್ನು ವರ್ಣಿಸಿದ್ದಾರೆ. ಅದು ಬಂದಾಗ ಸೂರ್ಯ ನಿಂತಲ್ಲೇ ನಿಂತಂತೆ ಕಾಣುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬಂದಾರೇ ಎಂದು ಹೊರಗೆ ಇಣುಕುತ್ತಾನೆ. ತನ್ನ ಕೋಣೆ ಬೇಸರ, ತನ್ನ ಕೆಲಸ ಬೇಸರ; ಬೇರೆ ಜಾಗದಲ್ಲಿದ್ದರೆ ಎಲ್ಲ ಸರಿಯಾಗುತ್ತಿತ್ತು ಎನಿಸುತ್ತದೆ. ಇಂದು ಆ ಕಿಟಕಿ ನಮ್ಮ ಜೇಬಿನಲ್ಲಿದೆ. ಮೊಬೈಲ್ ತೆಗೆದು ಒಂದು ಸಂದೇಶ ನೋಡಿ ಇಡೋಣ ಎಂದವನು ಮುಕ್ಕಾಲು ಗಂಟೆಯ ಮೇಲೆ ತಲೆ ಎತ್ತುತ್ತಾನೆ.

ಎರಡನೆಯ ವಾರ ಬಂದಾಗ ತರುಣನನ್ನು ಕೇಳಿದೆ: “ನಿನ್ನ ಸಮಯ ತಿಂದವರು ಯಾರು? ಒಂದು ವಾರದ ಲೆಕ್ಕ ಹೇಳು.” ಲೆಕ್ಕ ಬರೆಯುವ ಹುಡುಗ, ಬೆರಳು ಮಡಚಿ ಎಣಿಸಿದ. ತಂದೆ ಕರೆದದ್ದು ಒಟ್ಟು ಒಂದು ಗಂಟೆಯೂ ಆಗಲಿಲ್ಲ. ತಂಗಿಯ ಪಾಠ ಎರಡು ಗಂಟೆ. ಮೊಬೈಲಿನಲ್ಲಿ ಬೇರೆಯವರು ರಚಿಸಿದ ಆಟಗಳನ್ನು ನೋಡಿದ್ದು ಎಂಟೋ ಒಂಬತ್ತೋ ಗಂಟೆ. “ಅದೂ ಕಲಿಯೋದೇ ಅಲ್ಲೇನ್ರಿ?” ಎಂದ, ಆದರೆ ತಾನೇ ನಕ್ಕ. ಅಕ್ವಿನಾಸರು ಇದಕ್ಕೂ ಹೆಸರಿಟ್ಟಿದ್ದಾರೆ. ತಿಳಿಯಬೇಕಾದುದಕ್ಕೆ ಮನಸ್ಸನ್ನು ಕೊಡುವುದು ಅಧ್ಯಯನಶೀಲತೆ. ಕಂಡದ್ದರ ಹಿಂದೆಲ್ಲ ಮನಸ್ಸನ್ನು ಹರಿಬಿಡುವುದು ಬರೀ ಕುತೂಹಲ. ಮೊದಲನೆಯದು ಸದ್ಗುಣ, ಎರಡನೆಯದು ದೋಷ.

ವಿಚಿತ್ರವೆಂದರೆ, ನಾವು ಒದರುವುದು ನೀರು ಕೇಳಿದ ತಂದೆಯ ಮೇಲೆ. ಎಂಟು ಗಂಟೆ ಕದ್ದ ಮೊಬೈಲಿನ ಮೇಲೆ ಅಲ್ಲ.

ಯೇಸುಸ್ವಾಮಿ ಮಾಡಿದ್ದೇನು?

ಮಾರ್ಕ 6ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಪ್ರೇಷಿತರಿಗೆ ಊಟ ಮಾಡಲೂ ಬಿಡುವಿಲ್ಲ. ಯೇಸು ಅವರನ್ನು ನಿರ್ಜನ ಸ್ಥಳಕ್ಕೆ ಕರೆದೊಯ್ಯುತ್ತಾರೆ. ದೋಣಿ ದಡ ಸೇರುವ ಮೊದಲೇ ಜನಸಮೂಹ ಅಲ್ಲಿ ಬಂದು ನಿಂತಿದೆ. ವಿಶ್ರಾಂತಿಯ ಯೋಜನೆ ಅಲ್ಲಿಗೆ ಕೆಟ್ಟಿತು. ಅವರು ಕೋಪಿಸಿಕೊಳ್ಳಲಿಲ್ಲ, ಕನಿಕರಪಟ್ಟರು, ಬೋಧಿಸಿದರು, ಐದು ರೊಟ್ಟಿಗಳಿಂದ ಉಣಬಡಿಸಿದರು.

ನಾವು ಸಾಮಾನ್ಯವಾಗಿ ಇಲ್ಲಿಗೆ ಓದುವುದನ್ನು ನಿಲ್ಲಿಸುತ್ತೇವೆ. ಮುಂದೆ ಏನಾಯಿತು? ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ತಾವೇ ಬೀಳ್ಕೊಟ್ಟು, ಯೇಸು ಪ್ರಾರ್ಥಿಸಲು ಬೆಟ್ಟ ಹತ್ತಿದರು. ಬಂದವರಿಗಾಗಿ ಏಕಾಂತವನ್ನು ಮುಂದಕ್ಕೆ ಹಾಕಿದರು, ಆದರೆ ಅದನ್ನು ಕೈಬಿಡಲಿಲ್ಲ. ಹಸಿದವರನ್ನು ಕಳುಹಿಸಲಿಲ್ಲ, ಉಂಡವರನ್ನು ಕಳುಹಿಸಲು ಹಿಂಜರಿಯಲೂ ಇಲ್ಲ. ಸಮಯದ ವಿಷಯದಲ್ಲಿ ಕ್ರೈಸ್ತನು ಕಲಿಯಬೇಕಾದ ಪಾಠ ಇದೇ ಎಂದು ನನಗೆ ತೋರುತ್ತದೆ. ಎಲ್ಲರಿಗೂ ಸದಾ ಬಾಗಿಲು ತೆರೆದಿಡುವುದು ಪ್ರೀತಿಯ ಹಾಗೆ ಕಾಣಬಹುದು. ಒಮ್ಮೊಮ್ಮೆ ಅದು ನಮ್ಮ ಕೆಲಸಕ್ಕೆ ಕುಳಿತುಕೊಳ್ಳುವ ಭಯ ಅಷ್ಟೇ.

ಮನೆಯ ಒಪ್ಪಂದ

ನಿಂಬರ್ಗಾದ ಆ ಮನೆಯಲ್ಲಿ ಕುಳಿತು, ತಾಯಿ ಕೊಟ್ಟ ಚಹಾ ಕುಡಿಯುತ್ತ, ನಾವು ಒಂದು ಒಪ್ಪಂದ ಮಾಡಿಕೊಂಡೆವು. ನಿಮ್ಮ ಮನೆಗೂ ಇದು ಒದಗಬಹುದು.

1. ವಾರದಲ್ಲಿ ಮೂರು ದಿನ, ಮುಂಜಾನೆ ಬಸ್ಸಿಗೆ ಮೊದಲು ಮುಕ್ಕಾಲು ಗಂಟೆ ಅವನ ಬರವಣಿಗೆಗೆ. ಹೊತ್ತು ಸಣ್ಣದಿರಲಿ, ಆದರೆ ಗೊತ್ತಾದ ಹೊತ್ತಾಗಿರಲಿ. ರಾಶಿಯ ದಿನಗಳಲ್ಲಿ ಅದೂ ಬೇಡ. ಆಗ ಹೊಲವೇ ದೇವರ ಕರೆ.

2. ಆ ಹೊತ್ತನ್ನು ಮನೆಯವರೆಲ್ಲ ತಿಳಿದಿರಲಿ, ಕಾಪಾಡಲಿ. ಹೇಳದೆ ಕದ್ದ ಸಮಯ ಜಗಳ ತರುತ್ತದೆ. ಕೇಳಿ ಪಡೆದ ಸಮಯ ಕಾಣಿಕೆಯಾಗುತ್ತದೆ.

3. ಸಂಜೆಯ ಅರ್ಧ ಗಂಟೆ ತಂದೆಗೆ. ಮೊಣಕಾಲಿಗೆ ಎಣ್ಣೆ ತಿಕ್ಕುವಾಗ ನೋಟ್‌ಬುಕ್ ಇಲ್ಲ, ಮೊಬೈಲ್ ಇಲ್ಲ.

4. ಬರೆಯುವಾಗ ಮೊಬೈಲ್ ಅಡುಗೆಮನೆಯಲ್ಲಿ, ತಾಯಿಯ ಹತ್ತಿರ. ಶಿಲುಬೆಯ ಗುರುತು ಹಾಕಿ, ಒಂದು ನಿಮಿಷ ಸುಮ್ಮನೆ ಕುಳಿತು ಆರಂಭಿಸುವುದು.

5. ಏಳುವ ಮೊದಲು, ಮುಂದಿನ ಸಲ ಎಲ್ಲಿಂದ ಆರಂಭಿಸಬೇಕೆಂದು ಒಂದು ಸಾಲು ಬರೆದಿಡುವುದು. ಹೀಗೆ ಮಾಡಿದರೆ ನಡುವೆ ಏಳಬೇಕಾದರೂ ದಾರಿ ತಪ್ಪುವುದಿಲ್ಲ.

6. ಇಡೀ ರಾಜ್ಯದ ಕಥೆ ಬೇಡ. ಒಂದು ಊರು, ಒಂದು ಬಾವಿ, ಒಂದು ಸಂಜೆಯಲ್ಲಿ ಆಡಿ ಮುಗಿಸುವಷ್ಟು. ಅದನ್ನು ಮೊದಲು ಮನೆಯವರೊಡನೆ ಆಡಿ ನೋಡುವುದು.

ಮುಗಿಯದೇ ಹೋದರೆ?

ತರುಣನ ಕೊನೆಯ ಪ್ರಶ್ನೆ ಇದಾಗಿತ್ತು. ಉತ್ತರವಾಗಿ ಅವನಿಗೆ ಒಂದು ಕಥೆ ಹೇಳಿದೆ. ಇಂತಹ ಆಟ ಬರೆಯುವವರೆಲ್ಲ ಹೆಸರು ಬಲ್ಲ ಜೆ.ಆರ್.ಆರ್. ಟೋಲ್ಕಿನ್ ಭಕ್ತ ಕಥೋಲಿಕರು. ಆಕ್ಸ್‌ಫರ್ಡಿನ ಪ್ರಾಧ್ಯಾಪಕರು, ನಾಲ್ಕು ಮಕ್ಕಳ ತಂದೆ. ಸಂಸಾರದ ಖರ್ಚಿಗೆಂದು ರಜೆಯಲ್ಲೂ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವರ ಮೊದಲ ಪ್ರಸಿದ್ಧ ಕಥೆಯ ಮೊದಲ ವಾಕ್ಯ ಹುಟ್ಟಿದ್ದೇ ವಿದ್ಯಾರ್ಥಿಯೊಬ್ಬ ಖಾಲಿ ಬಿಟ್ಟಿದ್ದ ಪುಟದ ಮೇಲೆ. 1937ರಲ್ಲಿ ಆರಂಭಿಸಿದ ದೊಡ್ಡ ಕೃತಿ ಮುಗಿದದ್ದು 1949ರಲ್ಲಿ. ಮುಗಿಯುವುದೇ ಇಲ್ಲವೇನೋ ಎಂಬ ಚಿಂತೆಯ ನಡುವೆ ಅವರು ಒಂದು ಚಿಕ್ಕ ಕಥೆ ಬರೆದರು. ಅದು 1945ರಲ್ಲಿ ಒಂದು ಕಥೋಲಿಕ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಿಗಲ್ ಎಂಬ ಬಡ ಚಿತ್ರಕಾರನೊಬ್ಬ ದೊಡ್ಡ ಮರವೊಂದನ್ನು ಚಿತ್ರಿಸುತ್ತಿದ್ದ. ದೂರ ಪ್ರಯಾಣದ ದಿನ ಹತ್ತಿರ ಬರುತ್ತಿತ್ತು. ಆ ಪ್ರಯಾಣವೆಂದರೆ ಸಾವು. ನೆರೆಮನೆಯ ಕುಂಟನೊಬ್ಬ ಪದೇ ಪದೇ ಬಂದು ಅಡ್ಡಿ ಮಾಡುವನು. ಅವನ ಹೆಸರು ಪ್ಯಾರಿಷ್, ಅಂದರೆ ಧರ್ಮಕೇಂದ್ರ! ಹೆಂಡತಿಗೆ ಕಾಯಿಲೆ, ಮಾಡು ಸೋರುತ್ತಿದೆ ಎಂದು ಅವನು ಬಂದಾಗ ನಿಗಲ್ ಗೊಣಗುತ್ತ, ಆದರೂ ಮಳೆಯಲ್ಲಿ ಸೈಕಲ್ ತುಳಿದು ಡಾಕ್ಟರರನ್ನು ಕರೆಯಲು ಹೋದ. ಜ್ವರ ಹಿಡಿಯಿತು, ಚಿತ್ರ ಮುಗಿಯಲಿಲ್ಲ, ಪ್ರಯಾಣದ ಕರೆ ಬಂದೇ ಬಿಟ್ಟಿತು. ಆದರೆ ಎಷ್ಟೋ ಕಾಲದ ಮೇಲೆ, ಆಚೆಯ ನಾಡಿನಲ್ಲಿ, ಅವನು ತನ್ನ ಮರವನ್ನು ಕಂಡ. ಅದು ಚಿತ್ರವಾಗಿರಲಿಲ್ಲ; ಜೀವಂತವಾಗಿ, ಪೂರ್ಣವಾಗಿ ನಿಂತಿತ್ತು. ಅದರ ಸುತ್ತ ತೋಟ ಮಾಡಲು ಜೊತೆಗೆ ಬಂದವನು ಅದೇ ಪ್ಯಾರಿಷ್.

ನಮ್ಮ ಪ್ರತಿಭೆ ದೇವರದ್ದು, ನಮ್ಮ ಮನೆಯವರೂ ದೇವರವರು. ಎರಡರಲ್ಲಿ ಒಂದು ಇನ್ನೊಂದನ್ನು ತಿಂದುಹಾಕಲೆಂದು ದೇವರು ಕೊಟ್ಟಿಲ್ಲ. ಪ್ರೀತಿಗಾಗಿ ಅರ್ಧಕ್ಕೆ ಬಿಟ್ಟ ಅಕ್ಷರವನ್ನು ಪೂರ್ಣಗೊಳಿಸುವುದು ಅವರಿಗೆ ಗೊತ್ತು.

ನಿಂಬರ್ಗಾದ ನೋಟ್‌ಬುಕ್ ಇನ್ನೂ ಮುಗಿದಿಲ್ಲ. ಒಪ್ಪಂದ ಎರಡು ಸಲ ಮುರಿದಿದೆ, ಮತ್ತೆ ಕೂಡಿದೆ. ಆದರೆ ಪಾಸ್ಖ ಹಬ್ಬ ಕಳೆದ ಮೇಲೆ ಒಂದು ರಾತ್ರಿ, ಬಾವಿಯ ಕಥೆಯನ್ನು ಮನೆಯಲ್ಲಿ ಆಡಿದರಂತೆ. ತಂಗಿಯೂ ಇಬ್ಬರು ಗೆಳೆಯರೂ ಪಾತ್ರ ವಹಿಸಿದರು. ಊರ ಗೌಡನ ಪಾತ್ರಕ್ಕೆ ಜನ ಸಾಲದಾಗ, ಮಂಚದ ಮೇಲೆ ಮಲಗಿದ್ದ ತಂದೆ ಎದ್ದು ಕುಳಿತು, ಹಳೆಯ ದೊಡ್ಡಾಟದ ದನಿಯಲ್ಲಿ, “ಆ ದಾಳ ಇಲ್ಲಿ ಕೊಡು” ಎಂದರಂತೆ.

ಮನೆಯಲ್ಲಿ ಚರ್ಚಿಸಲು

- ಕಳೆದ ವಾರ ನನ್ನ ಸಮಯವನ್ನು ತೆಗೆದುಕೊಂಡವರಲ್ಲಿ ನೆರೆಯವರು ಯಾರು, ‘ನಡುಹಗಲಿನ ದೆವ್ವ’ ಯಾವುದು?
- ನಮ್ಮ ಮನೆಯಲ್ಲಿ ಯಾರ ಪ್ರತಿಭೆಗೆ ನಾವು ಹೊತ್ತು ಕೊಟ್ಟಿಲ್ಲ? ತಾಯಿಯ ಪ್ರತಿಭೆಯ ಬಗ್ಗೆ ಎಂದಾದರೂ ಕೇಳಿದ್ದೇವೆಯೇ?
- ಅಡ್ಡಿ ಮಾಡಿದರೆಂದು ನಾನು ಒದರಿದ ವ್ಯಕ್ತಿಯ ಬಳಿ ಕ್ಷಮೆ ಕೇಳಿದ್ದೇನೆಯೇ?

ಪ್ರಾರ್ಥನೆ

ಸ್ವಾಮಿ ಯೇಸುವೇ, ಜನರಿಗಾಗಿ ನಿಮ್ಮ ವಿಶ್ರಾಂತಿಯನ್ನು ಬಿಟ್ಟಿರಿ, ತಂದೆಯನ್ನು ಕಾಣಲು ಬೆಟ್ಟವನ್ನೂ ಹತ್ತಿದಿರಿ. ಯಾವಾಗ ಏಳಬೇಕು, ಯಾವಾಗ ಕುಳಿತಿರಬೇಕು ಎಂದು ತಿಳಿಯುವ ಮನಸ್ಸನ್ನು ನಮಗೆ ಕೊಡಿ. ನಾವು ಬಿಟ್ಟ ಸಾಲುಗಳನ್ನು ನಿಮ್ಮ ಕೈಯಲ್ಲಿಡುತ್ತೇವೆ. ಆಮೆನ್.